ಎಚ್ಚರದ ಪಾಳಿ

ನಿದ್ದೆಯ ವಿಷಯದಲ್ಲಿ ನಾನು ಹುಟ್ಟು ಶ್ರೀಮಂತಳು. ಮಸ್ಕಿಯಲ್ಲಿ ನಾನು ಸಣ್ಣವಳಿದ್ದಾಗ ಒಂದು ರಾತ್ರಿ ಹಿತ್ತಲ ಬಣವೆಗೆ ಬೆಂಕಿ ಬಿದ್ದು ಓಣಿಯೆಲ್ಲ ಕೊಡ ಹಿಡಿದು ಓಡಾಡಿತಂತೆ. ಬೆಳಿಗ್ಗೆ ಎದ್ದವಳೇ ನಾನು, ಇವತ್ತು ಯಾಕೆ ಇಷ್ಟು ಬೇಗ ಒಲೆ ಹಚ್ಚಿದಿರಿ ಎಂದು ಕೇಳಿದೆನಂತೆ. ಇಂಥವಳಿಗೆ ಸರ್ಕಾರ ಹುಡುಕಿ ಹುಡುಕಿ ಕೊಟ್ಟದ್ದು ಲಿಂಗಸುಗೂರಿನ ದವಾಖಾನೆಯಲ್ಲಿ ರಾತ್ರಿ ಪಾಳಿಯ ನರ್ಸ್ ಕೆಲಸ.

ಪೊಲೀಸ್ ಆ್ಯಕ್ಷನ್ ಮುಗಿದು ಮೂರ್ನಾಲ್ಕು ವರ್ಷವಾಗಿತ್ತು. ನಿಜಾಮಶಾಹಿ ಹೋಗಿದ್ದರೂ ದವಾಖಾನೆಯ ಪುಸ್ತಕಗಳಿಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ, ಎಲ್ಲವೂ ಉರ್ದುವಿನಲ್ಲೇ ನಡೆಯುತ್ತಿದ್ದವು. ನನಗೆ ಆಗ ಇಪ್ಪತ್ತಮೂರು. ಗಂಡ ಜ್ವರದಲ್ಲಿ ತೀರಿಕೊಂಡ ಮೇಲೆ ಅಣ್ಣನ ಮನೆಗೆ ಬಂದು ಬಿದ್ದಿದ್ದೆ; ಅಲ್ಲಿಂದ ರಾಯಚೂರಿಗೆ ಹೋಗಿ ಹೇಗೋ ನರ್ಸ್ ತರಬೇತಿ ಮುಗಿಸಿದ್ದೆ. ಅತ್ತಿಗೆ ಕೆಟ್ಟವಳೇನಲ್ಲ. ಆದರೆ ನನ್ನ ತಟ್ಟೆಗೆ ರೊಟ್ಟಿ ಹಾಕುವಾಗ ಅವಳು ರೊಟ್ಟಿಯನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು. ನಾನು ಲಿಂಗಸುಗೂರಿಗೆ ಹೊರಟ ದಿನ ಯುಗಾದಿಯೊಳಗೆ ಗಂಟುಮೂಟೆ ಸಮೇತ ವಾಪಸ್ಸು ಬರುತ್ತಾಳೆ ಎಂದು ಅವಳು ಪಕ್ಕದ ಮನೆಯವಳಿಗೆ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಒಂದು ವರ್ಷ ಹಂಗಾಮಿ ನೌಕರಿ. ಡಾಕ್ಟರರು ಒಳ್ಳೆಯ ಮಾತು ಬರೆದರೆ ಖಾಯಂ, ಇಲ್ಲವಾದರೆ ಮಸ್ಕಿಯ ಬಸ್ಸು. ಆ ಬಸ್ಸನ್ನು ಹತ್ತಬಾರದು ಎನ್ನುವುದೊಂದೇ ಆಗ ನನ್ನ ಜೀವನದ ಗುರಿಯಾಗಿತ್ತು.

ರಾತ್ರಿ ಪಾಳಿಗೆ ನಾವು ಮೂವರು. ನಾನು, ಕಂಪೌಂಡರ್ ಚಾಚಾ ಮತ್ತು ಚೌಕೀದಾರ ತಾತ. ಎಂಟು ಮಂಚದ ವಾರ್ಡು, ಎರಡು ಕಂದೀಲು. ಚೇಳು ಕಡಿದವರು, ಬಾವಿಗೆ ಬಿದ್ದವರು, ಬಡಿದಾಡಿಕೊಂಡು ತಲೆ ಒಡೆಸಿಕೊಂಡವರು ಹೊತ್ತುಗೊತ್ತಿಲ್ಲದೆ ಬರುತ್ತಿದ್ದರು. ಬಂದಾಗ ಯಾರಿಗೂ ನಿದ್ದೆಯ ನೆನಪಾಗುತ್ತಿರಲಿಲ್ಲ. ಕಷ್ಟವೆಲ್ಲ ಯಾರೂ ಬಾರದ ತಾಸುಗಳದು. ಚಾಚಾ ಗೋಡೆಗೆ ಒರಗಿ ಕಣ್ಣು ಅರೆತೆರೆದು ಮಲಗುವ ವಿದ್ಯೆಯನ್ನು ಇಪ್ಪತ್ತು ವರ್ಷದ ನೌಕರಿಯಲ್ಲಿ ಸಾಧಿಸಿದ್ದರು. ತಾತನದು ಇನ್ನೂ ಮೇಲಿನ ವಿದ್ಯೆ. ಗೊರಕೆ ಹೊಡೆಯುತ್ತಲೇ ನಡುನಡುವೆ "ಯಾರಲೇ ಅದು?" ಎಂದು ಗದರುತ್ತಿದ್ದ. ದಾರಿಯಲ್ಲಿ ಹೋಗುವವರಿಗೆ ಲಿಂಗಸುಗೂರಿನಲ್ಲಿ ಇಷ್ಟು ಹುಷಾರಾದ ಚೌಕೀದಾರ ಇನ್ನೊಬ್ಬನಿಲ್ಲ ಅನ್ನಿಸಬೇಕು.

ಡಾಕ್ಟರರು ಹೈದರಾಬಾದಿನಲ್ಲಿ ಓದಿ ಬಂದ ಯುವಕರು, ಬಹಳ ಶಿಸ್ತು. ದವಾಖಾನೆಯ ಹಿಂದೆಯೇ ಅವರ ಮನೆ. ತಾಸಿಗೊಮ್ಮೆ ವಾರ್ಡು ಸುತ್ತಿ ಪುಸ್ತಕದಲ್ಲಿ ಸಹಿ ಮಾಡಬೇಕು ಎಂದು ಹುಕುಂ ಮಾಡಿದ್ದರು. ಚಾಚಾ ಪ್ರತಿ ತಾಸಿಗೂ ಏಳುವ ಉಪದ್ವ್ಯಾಪ ಯಾಕೆಂದು ಸಂಜೆಯೇ ಬೆಳಗಿನವರೆಗಿನ ಸಹಿಗಳನ್ನೆಲ್ಲ ಮುಗಿಸಿ, ನನ್ನಿಂದಲೂ ಹಾಕಿಸಿಬಿಡುತ್ತಿದ್ದರು. ಒಂದು ರಾತ್ರಿ ಡಾಕ್ಟರರು ಹೇಳದೆ ಕೇಳದೆ ಬಂದರು. ಗೋಡೆಯ ಗಡಿಯಾರ ಒಂದು ಗಂಟೆ ತೋರಿಸುತ್ತಿತ್ತು. ಪುಸ್ತಕದ ಪ್ರಕಾರ ನಾವು ಐದು ಗಂಟೆಯವರೆಗೆ ಎಚ್ಚರವಾಗಿದ್ದು ವಾರ್ಡು ಸುತ್ತಿ ಆಗಿತ್ತು. ಚಾಚಾ, ತಾತ ಇಬ್ಬರೂ ಖಾಯಂ ನೌಕರರು, ಬೈಗುಳ ತಿಂದು ಪಾರಾದರು. ಹಂಗಾಮಿಯವಳು ನಾನೊಬ್ಬಳೇ. ನನಗೆ ಮಾತ್ರ ಕಾಗದದ ಮೇಲೆ ತಾಕೀತು ಬಂತು: ಇನ್ನೊಮ್ಮೆ ನಿದ್ದೆಯಲ್ಲಿ ಸಿಕ್ಕರೆ ರಾಯಚೂರಿನ ಕಚೇರಿಗೆ ಬರೆಯುತ್ತೇನೆ.

ಅಂದಿನಿಂದ ನಾನು ಮಾಡದ ಉಪಾಯವಿಲ್ಲ. ಕಣ್ಣಿಗೆ ತಣ್ಣೀರು ಹಚ್ಚಿದೆ, ಹಸಿಮೆಣಸಿನಕಾಯಿ ಕಚ್ಚಿದೆ, ಒಂಟಿ ಕಾಲಿನ ಮೇಲೆ ನಿಂತೆ. ಒಂಟಿ ಕಾಲಿನ ಮೇಲೆ ನಿಂತೇ ನಿದ್ದೆ ಹೋಗಿ ಔಷಧಿ ಬೀರುವಿನ ಮೇಲೆ ಬಿದ್ದಾಗ ಆ ಉಪಾಯವನ್ನೂ ಕೈಬಿಟ್ಟೆ. ಕೊನೆಗೆ ದಾರಿ ತೋರಿಸಿದವಳು ಮುದಗಲ್ಲಿನ ಒಬ್ಬ ಮುದುಕಿ. ಅವಳ ಗಂಡ ತೊಡೆ ಮುರಿದುಕೊಂಡು ಎರಡು ತಿಂಗಳಿಂದ ವಾರ್ಡಿನಲ್ಲಿದ್ದ. ಅವಳು ಬಂಡಿಯಲ್ಲಿ ಒಲೆಗುಂಡು, ಬೀಸುಕಲ್ಲು ಸಮೇತ ಬಂದು ದವಾಖಾನೆಯ ಬೇವಿನ ಗಿಡದ ಕೆಳಗೆ ಸಂಸಾರ ಹೂಡಿದ್ದಳು. ನನ್ನ ತೂಕಡಿಕೆ ನೋಡಿ ಅವಳೇ ಹೇಳಿದಳು: ಬೀಸುಕಲ್ಲಿನ ಗೂಟ ಹಿಡಿದು ಇವತ್ತಿನವರೆಗೆ ಯಾವ ಹೆಂಗಸೂ ಮಲಗಿಲ್ಲ, ಮಲಗಿದರೆ ಮಧ್ಯಾಹ್ನ ಮನೆಮಂದಿ ಏನು ತಿನ್ನಬೇಕು?

ಆ ರಾತ್ರಿ ಅವಳ ಒಂದು ಸೇರು ಜೋಳ ಬೀಸಿದೆ. ಕಣ್ಣು ಒಮ್ಮೆಯೂ ಮುಚ್ಚಲಿಲ್ಲ. ಮಾರನೆಯ ರಾತ್ರಿ ಎರಡು ಸೇರು. ಅವಳು ಬೆಳಗಿನ ಜಾವದವರೆಗೆ ಹಾಯಾಗಿ ಮಲಗಿ ಎದ್ದು ನನ್ನನ್ನು ಹರಸಿದಳು. ಆಮೇಲೆ ಬಾಕಿ ರೋಗಿಗಳ ಮನೆಯವರು ತಮ್ಮ ಜೋಳ ತಂದರು. ಅವರ ಹಿಂದೆ ಓಣಿಯ ಹೆಂಗಸರು ಬಂದರು. ಹದಿನೈದು ದಿನದಲ್ಲಿ ಸಂಜೆಯಾದರೆ ಹಿಂದಿನ ಪಡಸಾಲೆಯಲ್ಲಿ ಬುಟ್ಟಿಗಳ ಸಾಲು ಕೂರತೊಡಗಿತು. ಚಾಚಾ ಔಷಧಿ ಬಾಟಲಿಗೆ ಚೀಟಿ ಹಚ್ಚುವ ಹಾಗೆ ಬುಟ್ಟಿಗಳಿಗೂ ಉರ್ದು ಅಂಕಿಯ ಚೀಟಿ ಹಚ್ಚಿ, ಪಾಳಿ ತಪ್ಪಿ ಬಂದವರನ್ನು ಬೈದು ಹಿಂದೆ ಕಳಿಸುತ್ತಿದ್ದರು. ರಟ್ಟೆ ಬಿದ್ದುಹೋಗುತ್ತಿತ್ತು, ಆದರೂ ನೌಕರಿ ಗಟ್ಟಿಯಾಗುತ್ತಿದೆ ಎಂಬ ಖುಷಿ ನನಗೆ.

ಕೆಡಿಸಿದವಳು ಒಬ್ಬ ಹೆಂಗಸು. ಒಂದು ಬೆಳಿಗ್ಗೆ ರೋಗಿಗಳ ಸಾಲಿನಲ್ಲಿ ನಿಂತು ಸರದಿ ಬಂದಾಗ ಡಾಕ್ಟರರ ಮೇಜಿನ ಮೇಲೆ ಒಂದು ಹಿಡಿ ಹಿಟ್ಟು ಸುರಿದಳು. ಏನು ತೊಂದರೆ ಎಂದು ಅವರು ಕೇಳಿದರು.

"ಹಿಟ್ಟು ತರಿ ಆಗೈತ್ರಿ ಸಾಹೇಬ್ರ. ರೊಟ್ಟಿ ಬಡದ್ರ ಹರೀತಾವ. ನಿಮ್ಮ ನರ್ಸಬಾಯಿಗೆ ಸ್ವಲ್ಪ ಸಣ್ಣಗ ಬೀಸಾಕ ಹೇಳ್ರಿ."

ಡಾಕ್ಟರರು ಪಡಸಾಲೆಗೆ ಹೋಗಿ ಹದಿನೇಳು ಬುಟ್ಟಿ ಎಣಿಸಿದರು. ಸರ್ಕಾರ ದವಾಖಾನೆ ತೆರೆದಿದೆಯೋ ಗಿರಣಿಯೋ ಎಂದು ಕೇಳಿದರು. ನಿದ್ದೆ ಬರಬಾರದೆಂದು ಬೀಸಿದೆ ಎಂದು ನಾನು ಹೇಳಿದ್ದನ್ನು ನಂಬಿದರೋ ಇಲ್ಲವೋ, ಬೀಸುಕಲ್ಲು ಮಾತ್ರ ಆ ದಿನವೇ ಬಂಡಿ ಹತ್ತಿ ಮುದಗಲ್ಲಿಗೆ ಹೋಯಿತು. ಇನ್ನು ಒಂದೇ ಒಂದು ತಪ್ಪು ಕಂಡರೂ ಬರೆಯುವುದೇ ಎಂದರು. ಊರ ಹೆಂಗಸರು ಒಂದು ವಾರ ನನ್ನೊಡನೆ ಮಾತು ಬಿಟ್ಟರು.

ಆ ವಾರವೇ ಗುರುಗುಂಟಾ ಕಡೆಯ ಕುರುಬ ಬಂದ. ರಾತ್ರಿ ಹತ್ತು ದಾಟಿತ್ತು. ಹೊಲದಲ್ಲಿ ರಾತ್ರಿಗೆಂದು ಕುರಿ ತರುಬಿ ನಿಲ್ಲಿಸಿದ್ದ ಕಡೆ ಕತ್ತಲಲ್ಲಿ ಹಾವು ಕಾಲಿಗೆ ಕಚ್ಚಿತ್ತು. ಇಬ್ಬರು ತಮ್ಮಂದಿರು ಬಂಡಿಯಲ್ಲಿ ತಂದು ಇಳಿಸಿ, ಕುರಿಗಳ ಹತ್ತಿರ ಯಾರೂ ಇಲ್ಲವೆಂದು ಆಗಿಂದಾಗಲೇ ಹೊರಟುಬಿಟ್ಟರು. ಇದೆಂಥ ತಮ್ಮಂದಿರು ಎಂದು ನಾನು ಸಿಡುಕಿದೆ. ಕುರುಬನೇ ನನಗೆ ಸಮಾಧಾನ ಹೇಳಿದ: "ನಾ ಸತ್ತರ ಒಬ್ಬಾವ ಸಾಯತೀನಿ ಯವ್ವಾ. ತ್ವಾಳ ಬಂದ್ರ ಎಲ್ಲಾ ಹೋಗತಾವ."

ನಡುವಯಸ್ಸಿನ ಆಸಾಮಿ, ಹೆಗಲ ಮೇಲೆ ಕಂಬಳಿ. ತಾತ ಡಾಕ್ಟರರ ಬಾಗಿಲಿಗೆ ಓಡಿಹೋಗಿ ಬಂದ. ಬಾಗಿಲು ತೆರೆದಿರಲಿಲ್ಲ, ಒಳಗಿನಿಂದಲೇ ಅಪ್ಪಣೆಯಾಗಿತ್ತು: ಕಾಲು ಬಿಗಿದು ಕಟ್ಟಿ, ಗಾಯ ತೊಳೆದು ಹರಳು ತಿಕ್ಕಿ, ಬೆಳಗಿನವರೆಗೆ ಮಲಗಲು ಬಿಡಬೇಡಿ, ಏನಾದರೂ ಹೆಚ್ಚಾದರೆ ಎಬ್ಬಿಸಿ. ಚಾಚಾ ನೀರು ಶುದ್ಧವಾಗಲೆಂದು ಬಾವಿಗೆ ಹಾಕುವ ನೇರಳೆ ಹರಳನ್ನು ಗಾಯಕ್ಕೆ ತಿಕ್ಕಿದರು. ಕಾಲೆಲ್ಲ ಬಣ್ಣವಾಯಿತು. ನಾನು ಬಿಗಿದು ಕಟ್ಟಿದೆ, ನಾಡಿ ನೋಡಿದೆ, ನೆಟ್ಟಗೆ ಅವನ ಮುಖ ನೋಡಿ ಹೆದರಿಸಿದೆ: "ಕಣ್ಣ ಮುಚ್ಚಿದಿ ಅಂದ್ರ ಮತ್ತ ತೆರೆಯಂಗಿಲ್ಲ, ನೋಡು."

ಅವನು ತಲೆಯಾಡಿಸಿದ. ಕಣ್ಣು ಅಗಲ ಮಾಡಿ ಕೂತ. ಮಲಗಬಾರದೆನ್ನುವವರಿಗೆ ನಿದ್ದೆ ಬರುವುದು ಹೇಗೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದಕ್ಕೆ ಮೂವರೂ ಪಾಳಿ ಹಾಕಿಕೊಂಡು ಅವನನ್ನು ಮಾತಾಡಿಸುತ್ತ ಕೂರುವುದೆಂದು ನಿರ್ಧರಿಸಿದೆವು.

ಮೊದಲು ತಾತನ ಪಾಳಿ. ಏಳು ಸಮುದ್ರದಾಚೆಯ ರಾಜಕುಮಾರಿಯ ಕಥೆ ಶುರು ಮಾಡಿದ. ಮೂರನೇ ಸಮುದ್ರದಲ್ಲಿ ಅವನ ಗದ್ದ ಎದೆಗೆ ಬಿತ್ತು. ಆಮೇಲೆ ಚಾಚಾ ಹೈದರಾಬಾದಿನ ಬೀದಿಗಳನ್ನು ಒಂದೊಂದಾಗಿ ವರ್ಣಿಸಿದರು. ಹೇಳುತ್ತ ಹೇಳುತ್ತ ಅವರ ದನಿ ಅವರನ್ನೇ ಮಲಗಿಸಿತು. ಉಳಿದವಳು ನಾನು. ಪುಸ್ತಕದಲ್ಲಿ ಹನ್ನೊಂದರ ಸಹಿ ಹಾಕಿ ಬಂದು, ನನಗೆ ಕಥೆ ಬರುವುದಿಲ್ಲ, ನೀನೇ ಏನಾದರೂ ಹಾಡು ಎಂದೆ. ಅವನು ಮೆಲ್ಲಗೆ ಹಾಡತೊಡಗಿದ. ಮುಗಿಯದ ಹಾಡು, ಎಳೆದು ಎಳೆದು ಹೋಗುವ ಧಾಟಿ. ಮಳೆಗಾಲದಲ್ಲಿ ಬೆದರಿದ ಮರಿಗಳನ್ನು ಮಲಗಿಸಲು ಅವರಪ್ಪ ಹಾಡುತ್ತಿದ್ದ ಹಾಡಂತೆ. ಅದನ್ನು ಪುಣ್ಯಾತ್ಮ ಮೊದಲೇ ಹೇಳಬಾರದಿತ್ತೇ?

ಎಚ್ಚರವಾದಾಗ ಬೆಳಕು ಹರಿಯುತ್ತಿತ್ತು. ನನ್ನ ಮೂಗಿನ ಕೆಳಗೆ ಒರಟಾದ ಒಂದು ಬೆರಳು. ಬೆಚ್ಚಿಬಿದ್ದು ಹಿಂದೆ ಸರಿದೆ. ಕುರುಬ ಕಟ್ಟಿದ ಕಾಲನ್ನು ಎಳೆಯುತ್ತ ನನ್ನ ಮುಂದೆ ಬಗ್ಗಿ ನಿಂತಿದ್ದ.

"ಗಾಬರಿ ಆಗಬ್ಯಾಡ ಯವ್ವಾ. ಉಸಿರು ಐತಿಲ್ಲೋ ನೋಡಾಕತ್ತಿದ್ದೆ. ಐತಿ."

ಕಣ್ಣು ಮುಚ್ಚಿದವರು ಮತ್ತೆ ತೆರೆಯುವುದಿಲ್ಲ ಎಂದು ನಾನೇ ಹೇಳಿದ್ದೆನಲ್ಲ. ಮೊದಲು ತಾತ ಮುಚ್ಚಿದ, ಆಮೇಲೆ ಚಾಚಾ, ಆಮೇಲೆ ನಾನು. ಹಾವಿನ ವಿಷ ತನ್ನಿಂದ ಗಾಳಿಗೆ ಹತ್ತಿ ನಮಗೂ ತಗಲಿತೆಂದು ಅವನು ಹೆದರಿದ್ದ. ತಾತನನ್ನು ಅಲುಗಾಡಿಸಿದರೆ "ಯಾರಲೇ ಅದು?" ಎಂದು ಮತ್ತೆ ಮಲಗಿದನಂತೆ. ನಾನಂತೂ ಅಷ್ಟನ್ನೂ ಅನ್ನಲಿಲ್ಲವಂತೆ. ಅದಕ್ಕೆ ಇಡೀ ರಾತ್ರಿ ಕಂದೀಲು ಹಿಡಿದು ನಮ್ಮ ಮೂವರನ್ನೂ, ವಾರ್ಡಿನ ರೋಗಿಗಳನ್ನೂ ಸುತ್ತು ಹಾಕಿ ಒಬ್ಬೊಬ್ಬರ ಮೂಗಿಗೂ ಬೆರಳು ಹಿಡಿದು ನೋಡಿದ್ದ.

ನಾನು ಚಾಚಾನನ್ನು ಎಬ್ಬಿಸುವುದಕ್ಕೂ ಡಾಕ್ಟರರು ಒಳಗೆ ಬರುವುದಕ್ಕೂ ಸರಿಹೋಯಿತು. ಅವರು ನೇರ ಕುರುಬನ ಕಾಲಿಗೆ ಹೋಗಿ, ನೇರಳೆ ಬಣ್ಣ ಒರೆಸಿ, ಬೆಳಕಿಗೆ ಹಿಡಿದು ನೋಡಿದರು. ಸಣ್ಣ ಸಣ್ಣ ಹಲ್ಲಿನ ಗುರುತುಗಳು ಸಾಲಾಗಿ ಕಂಡವು. ಕೇರೆ ಹಾವು, ವಿಷವಿಲ್ಲ ಎಂದು ಕಟ್ಟು ಬಿಚ್ಚಿಸಿದರು. ಅಷ್ಟು ನೋಡುವುದಕ್ಕೆ ರಾತ್ರಿ ನಾನು ಒಂದು ಕಂದೀಲನ್ನು ಕಾಲಿನ ಹತ್ತಿರ ತಂದಿದ್ದರೆ ಸಾಕಿತ್ತು. ತಂದಿರಲಿಲ್ಲ.

ಆಮೇಲೆ ಅವರು ಪುಸ್ತಕ ತೆರೆದರು. ಹನ್ನೊಂದರ ನಂತರ ಎಲ್ಲ ಖಾಲಿ. ರಾತ್ರಿ ಎಚ್ಚರ ಇದ್ದವರು ಯಾರು ಎಂದು ಕೇಳಿದರು. ಚಾಚಾ ಮೇಲಿನ ತೊಲೆ ನೋಡಿದರು, ತಾತ ನೆಲ ನೋಡಿದ. ನನಗೆ ಮಸ್ಕಿಯ ಬಸ್ಸು, ಅತ್ತಿಗೆಯ ಮುಖ ಎರಡೂ ಒಟ್ಟಿಗೇ ಕಂಡವು.

"ನಾ ಎಚ್ಚರ ಇದ್ದೆರಿ," ಎಂದ ಕುರುಬ. "ಇವರು ಮೂರೂ ಮಂದಿ ಮಲಗಿದ್ರು."

ಕಚ್ಚಿದ್ದು ನಾಗರವೇ ಆಗಬಾರದಿತ್ತೇ ಎಂದು ಮನಸ್ಸು ಅಂದುಬಿಟ್ಟಿತು. ಶಿವ ಕ್ಷಮಿಸಲಿ. ಡಾಕ್ಟರರು ಜೇಬಿನಿಂದ ಪೆನ್ನು ತೆಗೆದರು. ಕುರುಬನ ಮಾತು ಮಾತ್ರ ಇನ್ನೂ ಮುಗಿದಿರಲಿಲ್ಲ.

"ಮೂರೂ ಮಂದಿ ಹಿಂಗಾದ್ರು ಅಂತ ನಿಮ್ಮ ಮನೀಗೂ ಬಂದಿದ್ದೆರಿ ಸಾಹೇಬ್ರ. ಬಾಗಲಾ ಬಡದೆ, ಕೂಗಿದೆ, ನೀವು ಏಳಲಿಲ್ಲ. ಜೀವ ಹಾರಿತು. ಕಿಡಕಿಗೆ ಕಿವಿ ಇಟ್ಟು ನೋಡಿದೆ, ಗೊರಕಿ ಜೋರ ಇತ್ತು. ಹಂಗಾರ ಸಾಹೇಬ್ರು ಅದಾರ ಅಂತ ಸಮಾಧಾನ ಆತು. ಮತ್ತ ಎರಡ ಸಲ ಬಂದು ಕೇಳಿ ಹೋದೆ."

ಚಾಚಾಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಡಾಕ್ಟರರ ಕಿವಿ ಕೆಂಪಾಯಿತು. ಪೆನ್ನು ಹಿಡಿದು ಬಹಳ ಹೊತ್ತು ಖಾಲಿ ಪುಟ ನೋಡಿದರು. ಆಮೇಲೆ ಒಂದೇ ಸಾಲು ಬರೆದು ಯಾರ ಮುಖವನ್ನೂ ನೋಡದೆ ಹೊರಟುಹೋದರು. ನನಗೆ ಉರ್ದು ಬರುತ್ತಿರಲಿಲ್ಲ. ಚಾಚಾ ಓದಿ ಹೇಳಿದರು: ರಾತ್ರಿ ಎಲ್ಲರೂ ಕ್ಷೇಮ. ಯುಗಾದಿಯ ಹೊತ್ತಿಗೆ ನನ್ನ ಖಾಯಂ ಹುಕುಂ ಬಂತು. ಅತ್ತಿಗೆಗೆ ನಾನೇ ಪತ್ರ ಬರೆದು ತಿಳಿಸಿದೆ, ಎರಡು ಸಲ.

ಆ ಬೆಳಿಗ್ಗೆ ಮಾತ್ರ ಯಾವ ಖುಷಿಯೂ ನನಗೆ ಹತ್ತಲಿಲ್ಲ. ಡಾಕ್ಟರರು ಹೋದ ಮೇಲೂ ಕುರುಬ ಮಂಚದ ಅಂಚಿಗೆ ಹಾಗೆಯೇ ಕೂತಿದ್ದ. ಕಣ್ಣುಗಳು ಕೆಂಡದ ಹಾಗೆ ಕೆಂಪಗಾಗಿದ್ದವು. ವಿಷವಿಲ್ಲ ಎಂದು ಅವನ ಮುಂದೆಯೇ ಡಾಕ್ಟರರು ಹೇಳಿದ್ದರೂ ಅವನು ಕಾಯುತ್ತಿದ್ದುದು ನನ್ನ ಮಾತಿಗೆ.

"ಯವ್ವಾ," ಎಂದ, "ಈಗರ ನಾ ಕಣ್ಣ ಮುಚ್ಚಲೇನು?"

ನನಗೆ ಅಳು ಬಂತು. ಇದೇ ತನ್ನ ಕೊನೆಯ ರಾತ್ರಿ ಎಂದುಕೊಂಡವನು ಅದನ್ನೆಲ್ಲ ನಮ್ಮ ಉಸಿರು ನೋಡುವುದರಲ್ಲಿ ಕಳೆದಿದ್ದ. ನೌಕರಿ ನನ್ನದು, ಸಂಬಳ ನನ್ನದು. ಮುಚ್ಚಪ್ಪಾ ಎಂದೆ. ನನ್ನ ಮಾತು ಮುಗಿಯುವುದರೊಳಗೆ ಅವನು ನಿದ್ದೆ ಹೋಗಿದ್ದ.

ಪಾಳಿ ಮುಗಿದಿತ್ತು. ಮನೆಗೆ ಹೋಗು ಬೇಟಿ ಎಂದರು ಚಾಚಾ. ಹೋಗಲಿಲ್ಲ. ಅವನ ತಮ್ಮಂದಿರು ಬರುವವರೆಗೆ, ಮಧ್ಯಾಹ್ನದ ಬಿಸಿಲು ಕಿಟಕಿ ದಾಟುವವರೆಗೆ, ಆ ಮಂಚದ ಪಕ್ಕದಲ್ಲಿ ಕೂತು ಅವನ ಉಸಿರು ನೋಡುತ್ತಿದ್ದೆ. ಒಮ್ಮೆಯೂ ತೂಕಡಿಕೆ ಬರಲಿಲ್ಲ.