ಉಪವಾಸದ ತಟ್ಟೆಗೆ ಬಿದ್ದ ಊಟ

ಬೆಳಕು ಹರಿಯುವ ಮೊದಲೇ ಊಟದಕ್ಕ ಕೈಗೆ ಸ್ಪಿರಿಟ್ ಸವರಿಕೊಂಡು ಗಾಜಿನ ಪೆಟ್ಟಿಗೆಯ ಮುಂದೆ ಕೂತಿದ್ದಾರೆ. ಪ್ರಯೋಗಾಲಯದಲ್ಲಿ ಜೀವಕೋಶಗಳನ್ನು ಸಾಕುವುದು ಅವರ ಕೆಲಸ. ಅಂಗೈಯಗಲದ ತಟ್ಟೆಗಳಿಂದ ಹಳೆಯ ದ್ರವ ಹೀರಿ ತೆಗೆದು, ಹೊಸದು ಹಾಕುತ್ತಾರೆ. ಅದೇ ಕೋಶಗಳ ಊಟ, ಅದಕ್ಕೇ ಎಲ್ಲರ ಬಾಯಲ್ಲಿ ಅವರು ಊಟದಕ್ಕ. ಭಾನುವಾರವೂ ತಪ್ಪುವುದಿಲ್ಲ. "ಹೊಟ್ಟೆಗೆ ರಜಾ ಇರತ್ತಾ?" ಎಂದು ನಗುತ್ತಾರೆ.

ಬಾಟಲಿ ತೊಳೆಯಲು ಸೇರಿದವರು, ಕೈ ಶುದ್ಧವೆಂದು ಈ ಕೋಣೆಗೆ ಬಂದರು. ದಿನಕ್ಕೆ ಅರವತ್ತು ತಟ್ಟೆ. ಬೆನ್ನು ಹಿಡಿದುಕೊಂಡಿದೆ. ಹಾರ್ಮೋನಿನ ಸಂದೇಶ ಕೋಶಕ್ಕೆ ಹೇಗೆ ಮುಟ್ಟುತ್ತದೆ ಎಂಬುದು ಇಲ್ಲಿನ ಸಂಶೋಧನೆ.

"ಕೋಶದ ಮೈಮೇಲೆ ಬಾಗಿಲು ಕಾಯೋರು ಇರ್ತಾರಂತೆ. ಸಂದೇಶ ಬಂದು ಅವರ ಕೈ ಹಿಡೀತು ಅಂದ್ರೆ, ಒಳಗಡೆ ಒಬ್ಬರ ಕಿವಿಯಿಂದ ಒಬ್ಬರಿಗೆ ಹೋಗಿ ನಡುಮನೆ ತಲುಪತ್ತೆ. ನಮ್ಮ ಓಣಿ ಇದ್ದ ಹಾಗೆ!" ಎಂದು ಅಕ್ಕ ವಿವರಿಸುತ್ತಾರೆ.

ಪತ್ರಿಕೆಗೆ ಅವರ ಬಗ್ಗೆ ಬರೆಯಲು ಬಂದಿದ್ದೇನೆ. ಈಗ ಕಿಟಕಿಯಲ್ಲಿ ಒಳ್ಳೆಯ ಬೆಳಕು. "ಅಕ್ಕ, ಫೋಟೊಗೆ ಇನ್ನೊಂದ್ಸಲ ಹಾಕಿ" ಎನ್ನುತ್ತೇನೆ. ಅವರು ಕೈಗೆ ಸಿಕ್ಕ ತಟ್ಟೆಗೆ ಹಾಕಿಬಿಡುತ್ತಾರೆ, ನಾನು ಕ್ಲಿಕ್ಕಿಸುತ್ತೇನೆ. ಆಮೇಲೆ ಮುಚ್ಚಳದ ನೀಲಿ ಗೀಟು ನೋಡಿ ಅವರ ಮುಖ ಬಿಳಿಚಿಕೊಳ್ಳುತ್ತದೆ.

ನೀಲಿ ಗೀಟೆಂದರೆ ಉಪವಾಸ. ಊಟದಲ್ಲೇ ನೂರೆಂಟು ಸಂದೇಶಗಳಿರುತ್ತವೆ. ಒಂದೇ ಹಾರ್ಮೋನಿಗೆ ಕೋಶ ಹೇಗೆ ಓಗೊಡುತ್ತದೆಂದು ತಿಳಿಯಲು, ಹಿಂದಿನ ದಿನವೇ ಊಟ ನಿಲ್ಲಿಸಬೇಕು. ಇವು ಯುವ ಸಂಶೋಧಕಿಯೊಬ್ಬಳು ರೋಗಿಯೊಬ್ಬರಿಂದ ಪಡೆದು ತಿಂಗಳುಗಟ್ಟಲೆ ಬೆಳೆಸಿದ ಕೋಶಗಳು, ಉಳಿದಿದ್ದು ಇದೊಂದೇ ತಟ್ಟೆ. ಇನ್ನೊಂದು ಉಪವಾಸ ತಾಳುವ ತ್ರಾಣ ಅವಕ್ಕಿಲ್ಲ. ಹೊಗಳಲು ಬಂದವನು ನಾನು, ಮಾಡಿದ್ದು ಈ ಘನಕಾರ್ಯ. ನಾಚಿಕೆಯಿಂದ ಕ್ಯಾಮೆರಾ ಚೀಲದೊಳಗೆ ತುರುಕುತ್ತೇನೆ.

"ನೋಡಿದ್ರೆ ಗೊತ್ತಾಗಲ್ಲ, ಅಲ್ವಾ?" ಎಂದೂ ಕೇಳಿಬಿಡುತ್ತೇನೆ.

"ಗೊತ್ತಾಗಲ್ಲ. ನಾವು ಸುಮ್ನಿದ್ರೆ ಆ ಮಗು ತನ್ನ ಲೆಕ್ಕಾಚಾರಾನೇ ತಪ್ಪು ಅಂದ್ಕೊಳ್ತಾಳೆ."

ಸಂಶೋಧಕಿ ಬಂದು ಕೋಟು ಹಾಕಿಕೊಳ್ಳುತ್ತಿರುವಾಗಲೇ ಊಟದಕ್ಕ ಎದ್ದು ನಿಲ್ಲುತ್ತಾರೆ. "ಮಗಳೇ, ನಿನ್ನ ಉಪವಾಸದ ತಟ್ಟೆಗೆ ಊಟ ಹಾಕ್ಬಿಟ್ಟೆ."

"ನಾನೇ ಹಾಕಿ ಅಂದಿದ್ದು" ಎಂದು ತೊದಲುತ್ತೇನೆ.

"ಅವರು ಕೇಳಿದ್ರು. ಗೀಟು ನೋಡದೆ ಹಾಕಿದ್ದು ನನ್ನ ಕೈ."

ಅವಳು ತಟ್ಟೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡುತ್ತಾಳೆ, ಕಣ್ಣು ತುಂಬಿಕೊಳ್ಳುತ್ತದೆ, ಹೊರಗೆ ಹೋಗುತ್ತಾಳೆ. ಊಟದಕ್ಕ ತಲೆ ತಗ್ಗಿಸಿ ಉಳಿದ ತಟ್ಟೆಗಳಿಗೆ ಊಟ ಹಾಕುತ್ತಾರೆ, ಪ್ರತಿ ಮುಚ್ಚಳವನ್ನೂ ಎರಡೆರಡು ಸಲ ನೋಡಿ.

"ಆ ಫೋಟೊ ಅಳಿಸಿಬಿಡ್ತೀನಿ ಅಕ್ಕ" ಎನ್ನುತ್ತೇನೆ, ಹೊರಡುವಾಗ.

"ಬೇಡಪ್ಪ, ಅದನ್ನೇ ಹಾಕಿ. ಅದು ಯಾವ ತಟ್ಟೆ ಅಂತ ಕೆಳಗೆ ಬರೀರಿ."