ಮೂರನೆಯ ಪರದೆಯ ಬಂಗುಡೆ

ಫೆಬ್ರವರಿ ೮, ಶನಿವಾರ, ಬೆಳಿಗ್ಗೆ ೧೦.೪೦. ಕಂಕನಾಡಿ ಮಾರ್ಕೆಟಿನ ಹಿಂದಿನ ಕಟ್ಟಡದ ಮೊದಲ ಮಹಡಿಗೆ ನಾನು ಕಂಪ್ಯೂಟರ್ ಮಾನಿಟರ್ ಕೊಳ್ಳಲು ಹತ್ತಿ ಹೋದದ್ದು ಆಗ. ‘ಹತ್ತು ನಿಮಿಷದ ಕೆಲಸ’ ಎಂದು ಡೈರಿಯಲ್ಲಿ ಮೊದಲೇ ಬರೆದಿಟ್ಟಿದ್ದೆ. ಮಾನಿಟರ್ ನನ್ನ ಮೇಜಿನ ಮೇಲೆ ಬಂದು ಕೂತದ್ದು ಫೆಬ್ರವರಿ ೨೫ರ ಸಂಜೆ ೫.೧೫ಕ್ಕೆ. ನಡುವಿನ ಹದಿನೇಳು ದಿನಗಳಿಗೆ ಒಬ್ಬರೇ ಕಾರಣ. ಅವರು ವಿಲ್ಲಿ ಅಂಕಲ್.

ಅವರ ಅಂಗಡಿಯಲ್ಲಿ ಒಂದು ಮಾನಿಟರಿಗೂ ಹೆಸರಿರಲಿಲ್ಲ. ಪ್ರತಿಯೊಂದರ ಅಂಚಿಗೂ ಹಳೆಯ ಪೇಪರಿನ ಪಟ್ಟಿ ಅಂಟಿಸಿ ಕಂಪೆನಿ, ಮಾದರಿ, ಬೆಲೆ ಎಲ್ಲವನ್ನೂ ಮುಚ್ಚಿಟ್ಟಿದ್ದರು. ಸಾಲಾಗಿ ಮೂತಿಗೆ ಬ್ಯಾಂಡೇಜ್ ಸುತ್ತಿಕೊಂಡು ಕೂತ ರೋಗಿಗಳ ಹಾಗೆ ಕಾಣುತ್ತಿದ್ದವು. ಏಕೆ ಹೀಗೆ ಎಂದು ಕೇಳಿದರೆ, “ಹೆಸರು ಓದಿದ ಕೂಡ್ಲೇ ಮನುಷ್ಯನ ಕಣ್ಣು ಬಂದ್ ಆಗ್ತದೆ ಪುತಾ” ಎಂದರು. ಪುತಾ ಎಂದರೆ ಕೊಂಕಣಿಯಲ್ಲಿ ಮಗನೇ. ಪೊಲೀಸಿನವರನ್ನೂ ಬ್ಯಾಂಕ್ ಮ್ಯಾನೇಜರನ್ನೂ ಅವರು ಹಾಗೆಯೇ ಕರೆಯುತ್ತಿದ್ದರು.

ವಯಸ್ಸು ಅರುವತ್ತರ ಮೇಲೆ, ಸಪೂರ ಮೈ, ಕೊರಳಿಗೆ ದಾರದಲ್ಲಿ ನೇತುಬಿದ್ದ ಕನ್ನಡಕ, ಜೇಬಿನಲ್ಲಿ ಟೆಸ್ಟರ್. ಮಸ್ಕತ್ತಿನಲ್ಲಿ ಬಹಳ ವರ್ಷ ಟಿವಿ ರಿಪೇರಿ ಮಾಡಿ ಬಂದವರು. ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ಅಭ್ಯಾಸವೇ ಅವರಿಗಿರಲಿಲ್ಲ. ಉತ್ತರ ಗೊತ್ತಿದ್ದೂ ಹೇಳಲು ಮನಸ್ಸಿಲ್ಲದಿದ್ದರೆ ಅಂಗಿಯ ತುದಿಯಿಂದ ಕನ್ನಡಕ ಒರೆಸುತ್ತಿದ್ದರು. ನಾನಿದ್ದಾಗ ಒಟ್ಟು ಇಪ್ಪತ್ತಮೂರು ಸಲ ಒರೆಸಿದ್ದಾರೆ.

ನನ್ನ ಅವಸರಕ್ಕೆ ಕಾರಣವಿತ್ತು. ನಂತೂರಿನ ಸ್ಟುಡಿಯೋ ಒಂದಕ್ಕೆ ನಾನು ತೊಕ್ಕೊಟ್ಟಿನ ಮನೆಯಲ್ಲೇ ಕೂತು ಮದುವೆಯ ಆಲ್ಬಮ್ ಮಾಡಿಕೊಡುತ್ತೇನೆ. ಡಿಸೆಂಬರಿನಿಂದ ಮೂರು ಆಲ್ಬಮ್ ವಾಪಸ್ ಬಂದಿದ್ದವು. ಮೂರರಲ್ಲೂ ಮದುಮಗಳ ಕೆಂಪು ಸೀರೆ ಅಚ್ಚಿನಲ್ಲಿ ಹೊತ್ತಿ ಉರಿಯುತ್ತಿತ್ತಂತೆ. ಸ್ಟುಡಿಯೋದ ದಿನೇಶಣ್ಣ, “ಇನ್ನೊಂದು ವಾಪಸ್ ಬಂದ್ರೆ ನಾನು ಬೇರೆಯವರನ್ನು ನೋಡ್ತೇನೆ, ಬೇಜಾರು ಮಾಡ್ಬೇಡ” ಎಂದಿದ್ದರು. ಮುಂದಿನ ಆಲ್ಬಮ್ ಫೆಬ್ರವರಿ ೨೮ಕ್ಕೆ ಅಚ್ಚಿಗೆ ಹೋಗಬೇಕಿತ್ತು.

‘ಅಂತೆ’ ಎಂದು ಬರೆದದ್ದಕ್ಕೂ ಕಾರಣವಿದೆ. ನನಗೆ ಕೆಂಪು ಸರಿಯಾಗಿ ಕಾಣುವುದಿಲ್ಲ. ಕೆಂಪು, ಕಂದು, ಕಡುಹಸಿರು ನನ್ನ ಕಣ್ಣಿಗೆ ಹತ್ತಿರದ ಸಂಬಂಧಿಕರು. ಇದು ಗೊತ್ತಿದ್ದದ್ದು ಅಮ್ಮನಿಗೆ ಮಾತ್ರ. ಅಮ್ಮ ರವಿಕೆ ಹೊಲಿಯುವವಳು. ಸೀರೆಯ ತುಂಡು ನೋಡಿದರೆ ಸಾಕು, ನೂರು ರೀಲುಗಳಲ್ಲಿ ಅದಕ್ಕೆ ಸರಿಯಾದ ನೂಲನ್ನು ಎಳೆದು ತೆಗೆಯುತ್ತಾಳೆ. ನನ್ನ ಮೇಜಿನ ಎಡಕ್ಕೆ ಅವಳ ಹೊಲಿಗೆ ಯಂತ್ರ. ಅಲ್ಲಿಂದಲೇ ಪರದೆಯತ್ತ ಕತ್ತು ಹೊರಳಿಸಿ “ಇಟ್ಟಿಗೆ ಬಣ್ಣ ಆಯ್ತು, ಇನ್ನೂ ಸ್ವಲ್ಪ ಕೆಂಪು ಬರ್ಲಿ” ಎನ್ನುತ್ತಾಳೆ, ನಾನು ಅಂಕಿ ಏರಿಸುತ್ತೇನೆ. ನಮ್ಮಿಬ್ಬರ ನಡುವೆ ಕೆಲಸ ನಡೆಯುತ್ತಿದ್ದದ್ದು ಹೀಗೆ. ಇದನ್ನು ದಿನೇಶಣ್ಣನಿಗೆ ಹೇಳುವ ಧೈರ್ಯ ನನಗಿರಲಿಲ್ಲ, ಅಂಗಡಿಯವರಿಗಂತೂ ಹೇಳುವ ಅಗತ್ಯವೇ ಕಾಣಲಿಲ್ಲ.

ಮೊದಲ ದಿನ ನಾನು ಬರಿಗೈಯಲ್ಲಿ ಹೋಗಿರಲಿಲ್ಲ. ಹನ್ನೊಂದು ದಿನ ಓದಿ ಒಂದು ಪಟ್ಟಿ ಮಾಡಿದ್ದೆ. ಮಾನಿಟರಿನ ಪರದೆಯಲ್ಲಿ ಮುಖ್ಯವಾಗಿ ನಾಲ್ಕು ಜಾತಿ. ಟಿಎನ್ ವೇಗದ್ದು, ಬಣ್ಣದಲ್ಲಿ ಬಡವ. ನನ್ನ ಹಳೆಯದು ಅದೇ. ಐಪಿಎಸ್‌ನಲ್ಲಿ ಬಣ್ಣ ಚೆನ್ನ, ಆದರೆ ಕಪ್ಪು ಸ್ವಲ್ಪ ಬೂದಿ. ವಿಎ ಕಪ್ಪಿಗೆ ಹೆಸರುವಾಸಿ. ಒಎಲ್‌ಇಡಿಯ ಕಪ್ಪು ನಿಜವಾದ ಕಪ್ಪು, ಆದರೆ ಒಂದೇ ಚಿತ್ರ ದಿನಗಟ್ಟಲೆ ನಿಂತರೆ ಅದರ ಗುರುತು ಪರದೆಯಲ್ಲೇ ಉಳಿದುಬಿಡುವ ಭಯ. ನನಗೆ ಆಲ್ಬಮಿನ ಜೊತೆಗೆ ಗೇಮ್ ಕೂಡ ಬೇಕು. ಕತ್ತಲ ಘಾಟಿಯಲ್ಲಿ ಲಾರಿ ಓಡಿಸುವ ಗೇಮ್ ಆಡುತ್ತೇನೆ, ಅದಕ್ಕೆ ಕಪ್ಪು ಕಪ್ಪಾಗಿಯೇ ಇರಬೇಕು. ವೇಗ, ಕಪ್ಪು, ಬಣ್ಣ, ಬಾಳಿಕೆ ಎಂದು ನಾಲ್ಕು ಕಾಲಂ, ತಲಾ ಹತ್ತು ಅಂಕ. ವಿಎ ೩೩, ಐಪಿಎಸ್ ೩೧, ಒಎಲ್‌ಇಡಿ ೩೦, ಟಿಎನ್ ೨೨. ಮುಗಿಯಿತು, ವಿಎ ಕೊಡಿ ಎಂದೆ.

“ಆ ಕೆಂಪು ಸ್ಟೂಲ್ ಎಳೆದು ಕೂತ್ಕೋ” ಎಂದರು ವಿಲ್ಲಿ ಅಂಕಲ್. ಎರಡು ಸ್ಟೂಲುಗಳಿದ್ದವು, ಬಾಗಿಲ ಹತ್ತಿರದ್ದನ್ನು ಎಳೆದು ಕೂತೆ. ಅವರು ಒಂದು ಸಲ ಕನ್ನಡಕ ಒರೆಸಿದರು. ಆಮೇಲೆ ನನ್ನ ಪಟ್ಟಿಯನ್ನು ಕೈಗೆತ್ತಿಕೊಂಡರು.

“ಇದೆಂತ ಮಾರಾಯ, ಪಿಯುಸಿಯ ಮಾರ್ಕ್ಸ್ ಕಾರ್ಡಾ?”

“ಹೋಲಿಕೆ ಮಾಡಿದ್ದು ಅಂಕಲ್.”

“ಇಲ್ಲಿ ಒಂದು ಕಾಲಂ ಹೊಡೆದು ಹಾಕಿದ್ದೀ?”

“ಬದಿಯಿಂದ ನೋಡಿದ್ರೆ ಹೇಗೆ ಕಾಣ್ತದೆ ಅಂತ. ಅದು ಬೇಡ. ನಾನು ಎದುರಲ್ಲೇ ಕೂರುವುದು.”

“ಮನೆಯಲ್ಲಿ ಎಷ್ಟು ಜನ ನೋಡ್ತಾರೆ ಪರದೆ?”

“ನಾನೊಬ್ಬನೇ.”

ಇದು ಅವರ ಮೂರನೆಯ ಪ್ರಶ್ನೆ. ಆ ದಿನ ಒಟ್ಟು ಮೂವತ್ತೊಂದು ಕೇಳಿದರು, ಎಲ್ಲವನ್ನೂ ಉತ್ತರದ ಸಮೇತ ಡೈರಿಯಲ್ಲಿ ಬರೆದುಕೊಂಡೆ. ಕಿಟಕಿ ಯಾವ ದಿಕ್ಕಿಗೆ? ಗೋಡೆಗೆ ಎಂತ ಬಣ್ಣ? ಟ್ಯೂಬ್‌ಲೈಟೋ ಬಲ್ಬೋ? ಮೀನು ಹುರಿದ ಹೊಗೆ ಮೇಜಿನವರೆಗೆ ಬರ್ತದಾ? ಗೇಮಿನಲ್ಲಿ ಗೆಲ್ಲುತ್ತೀಯಾ? ಕೊನೆಗೆ, “ಇವತ್ತು ಕೊಡ್ಲಿಕ್ಕೆ ಆಗುದಿಲ್ಲ, ಮಂಗಳವಾರ ಬಾ” ಎಂದರು. ಮಾರುವ ವಸ್ತು ಎದುರಿಗೆ, ಕೊಳ್ಳುವವನು ಎದುರಿಗೆ, ಮಂಗಳವಾರ ಬಾ!

ಮಂಗಳವಾರ ಬಾಗಿಲಿಗೆ ‘ಈಗ ಬರುತ್ತೇನೆ’ ಎಂಬ ಚೀಟಿ. ಒಂದು ಗಂಟೆ ಐವತ್ತು ನಿಮಿಷ ಮೆಟ್ಟಿಲ ಮೇಲೆ ಕೂತೆ. ಯಾರದೋ ಮನೆಯ ಕಿಟಕಿ ಅಳೆಯಲು ಹೋಗಿದ್ದರಂತೆ. ಬಂದವರು “ಈಗ ಊಟದ ಹೊತ್ತು, ಶನಿವಾರ ಬಾ” ಎಂದರು. ಪಕ್ಕದ ಜೆರಾಕ್ಸ್ ಅಂಗಡಿಯ ಹೆಂಗಸು ನನ್ನನ್ನು ನೋಡಿ ನಕ್ಕು, “ಎರಡನೇ ಸಲವಾ? ನನ್ನ ತಮ್ಮ ಆರು ಸಲ ಬಂದಿದ್ದಾನೆ” ಎಂದು ಸಮಾಧಾನ ಹೇಳಿದಳು.

ಬೇರೆ ಅಂಗಡಿಗೆ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೋದೆ. ಅಲ್ಲಿನವರು ನನ್ನ ಪಟ್ಟಿ ನೋಡಿ “ಸೂಪರ್, ವಿಎ ತಗೊಳ್ಳಿ” ಎಂದರು. ಅಷ್ಟು ಸುಲಭವಾಗಿ ಒಪ್ಪಿಕೊಂಡದ್ದೇ ನನಗೆ ಅನುಮಾನ ಹುಟ್ಟಿಸಿತು. ವಿಲ್ಲಿ ಅಂಕಲ್ ನನ್ನನ್ನು ಆಗಲೇ ಅಷ್ಟು ಹಾಳು ಮಾಡಿದ್ದರು.

ಫೆಬ್ರವರಿ ೧೫, ಶನಿವಾರ, ೧೧.೦೫. ಮೂರು ಪರದೆಗಳನ್ನು ಸಾಲಾಗಿ ಹಚ್ಚಿ, ಕಿಟಕಿಗೆ ಕಪ್ಪು ಬಟ್ಟೆ ಎಳೆದು ಕೂರಿಸಿದರು. ಮೂರರಲ್ಲೂ ಒಂದೇ ಚಿತ್ರ: ಮಾರ್ಕೆಟಿನ ಮೀನಿನ ಹಲಗೆ, ಅದರ ಮೇಲೆ ಹನ್ನೆರಡು ಬಂಗುಡೆ, ಒಂದರ ಕಿವಿರು ಎತ್ತಿ ಹಿಡಿದ ಮೀನುಗಾರ್ತಿಯ ಕೈ. ಆ ಫೋಟೋ ಅವರೇ ತೆಗೆದದ್ದು.

“ಎಲ್ಲರೂ ಹೂವು, ನವಿಲು ತೋರಿಸ್ತಾರೆ” ಎಂದರು. “ನವಿಲು ಯಾರು ಸರಿಯಾಗಿ ನೋಡಿದ್ದಾರೆ ಹೇಳು? ಬಂಗುಡೆ ನೋಡದವರು ಈ ಊರಲ್ಲಿ ಉಂಟಾ? ಈಗ ಹೇಳು, ಯಾವ ಪರದೆಯ ಮೀನು ತಗೊಳ್ತೀ?”

ನಾನು ಮೂರನ್ನೂ ಕ್ರಮವಾಗಿ ನೋಡಿ ಅಂಕ ಬರೆದೆ. ಒಂದನೆಯದಕ್ಕೆ ಏಳು, ಎರಡನೆಯದಕ್ಕೆ ಆರು. ಮೂರನೆಯದರಲ್ಲಿ ಮೀನಿನ ಬೆನ್ನಿನ ಕಪ್ಪು ಪಟ್ಟಿ ಗಾಢವಾಗಿತ್ತು. ಒಂಬತ್ತು ಕೊಟ್ಟೆ. “ಮೂರನೆಯದ್ದು” ಎಂದೆ, ಯಾವ ಸಂಶಯವೂ ಇಲ್ಲದೆ.

ಅವರು ಕನ್ನಡಕ ಒರೆಸಿದರು. ಬಹಳ ಹೊತ್ತು ಒರೆಸಿದರು. ಆಮೇಲೆ ಮೂರೂ ಪರದೆಗಳನ್ನು ಆರಿಸಿ, “ಭಾನುವಾರ ನಿನ್ನ ಮನೆಗೆ ಬರ್ತೇನೆ. ಅಲ್ಲಿಯವರೆಗೆ ನಿನಗೆ ಮಾನಿಟರ್ ಇಲ್ಲ” ಎಂದರು.

“ಯಾಕೆ ಅಂಕಲ್? ಆರಿಸಿದೆನಲ್ಲ?”

“ಹೌದು, ಹೌದು. ಒಳ್ಳೆ ಆರಿಸಿದ್ದೀ.”

ಮನೆಗೆ ಬಂದು ಸಿಟ್ಟಿನಿಂದ ಎಲ್ಲವನ್ನೂ ಹೇಳಿದೆ. ಅಂಗಡಿಯಲ್ಲಿ ಗುಟ್ಟಾಗಿ ತೆಗೆದಿದ್ದ ಮೂರೂ ಪರದೆಗಳ ಮೊಬೈಲ್ ಫೋಟೋವನ್ನೂ ಅಮ್ಮನಿಗೆ ತೋರಿಸಿದೆ. ಅಮ್ಮ ಮೂಗಿನ ಹತ್ತಿರ ಹಿಡಿದು ನೋಡಿದಳು.

“ಇದಾ ನೀನು ಆರಿಸಿದ್ದು? ಇದರ ಕಿವಿರು ಕಂದಾಗಿದೆ ಮಾರಾಯ. ಮೂರು ದಿನದ ಮೀನು. ಬೆಕ್ಕು ಸಹ ಮೂಸುದಿಲ್ಲ.” ಉಳಿದ ಎರಡರಲ್ಲೂ ಕಿವಿರು ರಕ್ತದ ಹಾಗೆ ಕೆಂಪಗಿತ್ತಂತೆ.

ತಾಜಾ ಮೀನನ್ನು ಕಿವಿರು ನೋಡಿ ಗುರುತಿಸುತ್ತಾರೆಂದು ನನಗೆ ಗೊತ್ತಿಲ್ಲವೇ? ಗೊತ್ತು. ಆದರೆ ನಮ್ಮ ಮನೆಯಲ್ಲಿ ಮೀನಿಗೆ ನನ್ನನ್ನು ಕಳಿಸುವುದಿಲ್ಲ. ಏಕೆ ಕಳಿಸುವುದಿಲ್ಲ ಎಂಬುದನ್ನು ಮರೆಯುವಷ್ಟು ವರ್ಷಗಳಿಂದ ಕಳಿಸುವುದಿಲ್ಲ.

ನನ್ನ ಕಣ್ಣಿನ ವಿಷಯ ವಿಲ್ಲಿ ಅಂಕಲ್‌ಗೆ ಗೊತ್ತಾಗಿಬಿಟ್ಟಿದೆ. ಆ ವಾರವೆಲ್ಲ ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ. ಮಾನಿಟರ್ ಅಂಗಡಿಯವರಿಗೂ ಸ್ಟುಡಿಯೋದವರಿಗೂ ಎಷ್ಟು ದೂರ? ಅವರು ಹೇಳಿದ ಭಾನುವಾರ, ಫೆಬ್ರವರಿ ೧೬, ಬರಲೂ ಇಲ್ಲ. ಒಂಬತ್ತು ಸಲ ಫೋನ್ ಮಾಡಿದೆ. ಎರಡು ಸಲ ಎತ್ತಿದರು, ಎರಡು ಸಲವೂ “ಯಾವ ಭಾನುವಾರ ಅಂತ ನಾನು ಹೇಳಿದ್ನಾ?” ಎಂದರು.

ಬಂದದ್ದು ೨೩ರ ಭಾನುವಾರ, ಇಗರ್ಜಿಯಲ್ಲಿ ಪೂಜೆ ಮುಗಿಸಿ ನೇರವಾಗಿ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಕೈಯಲ್ಲಿ ಅಳತೆ ಟೇಪು. ಆಲ್ಬಮಿಗೆ ಐದು ದಿನ ಉಳಿದಿತ್ತು. ನಾನು ಕುರ್ಚಿ ಎಳೆದುಕೊಟ್ಟೆ. ಅವರು ಅದರಲ್ಲಿ ಕೂರಲಿಲ್ಲ. ಕೋಣೆಗೆ ಒಂದು ಸುತ್ತು ಹಾಕಿ, ಹೊಲಿಗೆ ಯಂತ್ರದ ಹಿಂದಿನ ಗಿಡ್ಡ ಮಣೆಯಲ್ಲಿ ಹೋಗಿ ಕೂತರು.

“ಅಯ್ಯೋ ಪೊರ್ಬುಗಳೇ, ಅಲ್ಲಿ ಸೂಜಿ ಉಂಟು!” ಎಂದು ಅಮ್ಮ ಓಡಿ ಬಂದಳು. ನಮ್ಮ ಕಡೆ ಹಿರಿಯ ಕ್ರಿಶ್ಚಿಯನ್ನರನ್ನು ಹಾಗೆ ಕರೆಯುತ್ತೇವೆ.

“ಸೂಜಿಗಿಂತ ದೊಡ್ಡದು ಚುಚ್ಚಿಸಿಕೊಂಡಿದ್ದೇನೆ ಅಕ್ಕ.” ಅವರು ಅಲ್ಲಿಂದಲೇ ನನ್ನ ಹಳೆಯ ಪರದೆಯನ್ನು ನೋಡಿದರು. ಅದರಲ್ಲಿ ೨೮ರ ಆಲ್ಬಮಿನ ಮದುಮಗಳು ತೆರೆದಿದ್ದಳು. ಎದ್ದು ಅಮ್ಮನನ್ನು ಮಣೆಯಲ್ಲಿ ಕೂರಿಸಿದರು. “ಈಗ ಹೇಳಿ ಅಕ್ಕ. ಈ ಸೀರೆ ಎಂತ ಬಣ್ಣ?”

“ಇಟ್ಟಿಗೆ. ಇವನಿಗೆ ಹೇಳ್ತಾ ಇದ್ದೇನೆ, ಇನ್ನೂ ಕೆಂಪು ಬೇಕು ಅಂತ.”

“ಎದ್ದು ಬನ್ನಿ. ಮಗನ ಕುರ್ಚಿಯಲ್ಲಿ ಕೂತು ನೋಡಿ.”

ಅಮ್ಮ ಬಂದು ಕೂತಳು. ಎದ್ದು ಹೋಗಿ ನೂಲಿನ ರೀಲು ಒಂದನ್ನು ತಂದು ಪರದೆಗೆ ಹಿಡಿದಳು. ಮತ್ತೆ ಮಣೆಗೆ ಹೋಗಿ ನೋಡಿದಳು, ಮತ್ತೆ ಕುರ್ಚಿಗೆ ಬಂದಳು.

“ಇಲ್ಲಿಂದ ಕುಂಕುಮ” ಎಂದಳು. ಅವಳ ದನಿ ಸಣ್ಣದಾಗಿತ್ತು. “ಹಾಗಾದ್ರೆ ಮೂರು ಆಲ್ಬಮ್ ವಾಪಸ್ ಬಂದದ್ದು ನನ್ನಿಂದಲಾ?”

“ನಿಮ್ಮ ಕಣ್ಣಲ್ಲಿ ಎಂತ ದೋಷ ಇಲ್ಲ ಅಕ್ಕ. ಈ ಡಬ್ಬ ಬದಿಯಿಂದ, ಕೆಳಗಿನಿಂದ ನೋಡುವವರಿಗೆ ಸುಳ್ಳು ಹೇಳ್ತದೆ. ಟಿಎನ್‌ನ ಗುಣವೇ ಅದು. ಇವನು ಕೇಳಿದ ವಿಎ ಸಹ ಬದಿಯಿಂದ ಮಾಸಿ ಹೋಗ್ತದೆ. ಅದನ್ನು ಕೊಟ್ಟಿದ್ರೆ ನಾಲ್ಕನೇ ಆಲ್ಬಮ್ ಸಹ ವಾಪಸ್.” ನಂತರ ನನ್ನತ್ತ ತಿರುಗಿದರು. ನನ್ನ ಕಣ್ಣಿನ ವಿಷಯ ಈಗ ಬಂತು ಎಂದುಕೊಂಡೆ.

“ಮೂರನೇ ಪ್ರಶ್ನೆ ಎಂತ ಕೇಳಿದ್ದೆ ನಾನು?”

“ಎಷ್ಟು ಜನ ನೋಡ್ತಾರೆ ಅಂತ.”

“ನಿನ್ನ ಪುಸ್ತಕ ತೆಗಿ. ಒಂದು ಹೊಡೆದು ಹಾಕು. ಎರಡು ಅಂತ ಬರಿ.”

ಬರೆದೆ. ಅಷ್ಟೇ. ಕಣ್ಣಿನ ಬಗ್ಗೆ ಒಂದು ಮಾತೂ ಬರಲಿಲ್ಲ. ಅಮ್ಮ ಕೊಟ್ಟ ಗೋಳಿಬಜೆ ಐದು ತಿಂದು, ಕಿಟಕಿಯನ್ನು ಎರಡು ಸಲ ಅಳೆದು ಹೋದರು.

೨೫ರಂದು ಕೊಟ್ಟದ್ದು ಐಪಿಎಸ್. ಅದು ಬದಿಯಿಂದಲೂ ಹೆಚ್ಚುಕಡಿಮೆ ಅದೇ ಬಣ್ಣ ತೋರಿಸುತ್ತದೆ. ಬಂದು ಕೂರಿಸಿದವರು ಅವರೇ. ಕೂರಿಸಿದ್ದು ನನ್ನತ್ತ ನೇರವಾಗಿ ಅಲ್ಲ, ಅಮ್ಮನ ಕಡೆಗೆ ನಾಲ್ಕು ಬೆರಳಷ್ಟು ತಿರುಗಿಸಿ. ನನ್ನ ಘಾಟಿಯ ಕತ್ತಲೆ ಬೂದಿಯಾಗಿ ಕಾಣುತ್ತದೆ ಎಂದು ಮರುದಿನ ಫೋನಿನಲ್ಲಿ ದೂರಿದೆ. “ಲಾರಿಗೆ ಲೈಟ್ ಉಂಟಲ್ಲ, ಹಾಕು” ಎಂದು ಇಟ್ಟುಬಿಟ್ಟರು.

ಆಲ್ಬಮ್ ೨೭ಕ್ಕೇ ಹೋಯಿತು. ವಾಪಸ್ ಬರಲಿಲ್ಲ. ಅದರಿಂದ ಇಲ್ಲಿಯವರೆಗೆ ಹದಿನಾಲ್ಕು ಆಲ್ಬಮ್, ವಾಪಸ್ ಸೊನ್ನೆ. ಹತ್ತನೆಯದರ ನಂತರ ದಿನೇಶಣ್ಣನಿಗೆ ನನ್ನ ಕಣ್ಣಿನ ವಿಷಯ, ಅಮ್ಮ ಬಣ್ಣ ಹೇಳುವ ವಿಷಯ ನಾನೇ ಹೇಳಿದೆ. ಅವರು “ಅಮ್ಮನಿಗೆ ರಜೆ ಬೇಕಾದ್ರೆ ನನಗೆ ಮೊದ್ಲೇ ಹೇಳು” ಎಂದರು.

ವಿಲ್ಲಿ ಅಂಕಲ್‌ರನ್ನು ಕೊನೆಯ ಸಲ ನೋಡಿದ್ದು ಅಕ್ಟೋಬರ್ ೧೧, ಶನಿವಾರ, ೧೨.೨೦ಕ್ಕೆ. ಅಮ್ಮನೂ ಜೊತೆಗಿದ್ದಳು. ಅಂಗಡಿ ಬಿಟ್ಟುಕೊಡುತ್ತಿದ್ದರು. ನೆಲದ ಮೇಲೆ ಕೂತು ಒಂದೊಂದೇ ಮಾನಿಟರಿನ ಪೇಪರ್ ಪಟ್ಟಿ ಕೀಳುತ್ತಿದ್ದರು. ಇಷ್ಟು ದಿನ ಮುಚ್ಚಿಟ್ಟ ಹೆಸರುಗಳು ಆಗ ಹೊರಬಂದವು, ನನಗೆ ಓದಲು ಮನಸ್ಸಾಗಲಿಲ್ಲ. ತಮ್ಮನ ಮನೆಗೆ ಹೋಗುತ್ತೇನೆ ಎಂದರು. ಎಲ್ಲಿ ಎಂದು ಕೇಳಿದ್ದಕ್ಕೆ ಕನ್ನಡಕ ಒರೆಸಿದರು.

“ಅಂಕಲ್, ಒಂದು ಕೇಳ್ಲಿಕ್ಕುಂಟು. ಆ ಮೂರನೇ ಪರದೆಯ ಕೆಂಪು ನೀವು ಬೇಕಂತ ಇಳಿಸಿದ್ದಾ? ನನಗೆ ಮಾತ್ರವಾ?”

“ಯಾವ ಪರದೆ?”

“ಬಂಗುಡೆಯದ್ದು.”

“ಆ ಮೀನು ಖರ್ಚಾಗಿ ಹೋಯ್ತು ಪುತಾ” ಎಂದು ನಕ್ಕು ಮುಂದಿನ ಪಟ್ಟಿಗೆ ಕೈ ಹಾಕಿದರು.

ಮೆಟ್ಟಿಲು ಇಳಿಯುವಾಗ ಅಮ್ಮ ಹೇಳಿದಳು, “ಪೊರ್ಬುಗಳ ಸ್ಟೂಲು ನೋಡಿದೆಯಾ, ಒಂದು ಕೆಂಪು, ಒಂದು ಹಸಿರು. ಜೋಡಿಯೇ ಇಲ್ಲ.” ನಾನು ಅಲ್ಲೇ ನಿಂತೆ. ಮೊದಲ ದಿನ ಅವರು ಕೆಂಪು ಸ್ಟೂಲ್ ಎಂದಾಗ ನಾನು ಎಳೆದುಕೊಂಡದ್ದು ಬಾಗಿಲ ಹತ್ತಿರದ್ದು. ಅದು ಯಾವ ಬಣ್ಣದ್ದು ಎಂದು ಕೇಳಿದೆ. ಹಸಿರು ಎಂದಳು.

ಈಗ ಆ ಮಹಡಿಯಲ್ಲಿ ಪರದೆ ಬಟ್ಟೆಯ ಅಂಗಡಿ ಬಂದಿದೆ. ವಿಲ್ಲಿ ಅಂಕಲ್‌ರ ನಂಬರಿಗೆ ಹದಿನೇಳು ಸಲ ಫೋನ್ ಮಾಡಿದ್ದೇನೆ, ಕರೆ ಹೋಗುವುದಿಲ್ಲ. ಆದ್ದರಿಂದ ಕಂಕನಾಡಿಯ ಆ ಅಂಗಡಿಯಿಂದ ಮಾನಿಟರ್ ಕೊಂಡವರು, ಅಥವಾ ಕೊಳ್ಳಲು ಹೋಗಿ ಸುಸ್ತಾಗಿ ಬಂದವರು, ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಸಾಲು ಬರೆದು ತಿಳಿಸಿ. ನಿಮಗೆ ತೋರಿಸಿದಾಗ ಮೂರನೆಯ ಪರದೆಯ ಬಂಗುಡೆಯ ಕಿವಿರು ಯಾವ ಬಣ್ಣದ್ದಿತ್ತು? ಡೈರಿಯಲ್ಲಿ ಎರಡು ಕಾಲಂ ಎಳೆದಿಟ್ಟಿದ್ದೇನೆ: ಕೆಂಪು, ಕಂದು. ಎರಡೂ ಖಾಲಿ ಇವೆ.