ಗುಜರಿಯಿಂದ ಬಂದ ಚೆನ್ನೆಮಣೆ

ಮನೆ ಚಂದ ಮಾಡುವ ಸಾಮಾನು ಮೊಬೈಲಿನಲ್ಲಿ ಸಿಗದಿದ್ದ ದಿನಗಳವು. ಆಲಂಕಾರು ಪೇಟೆಯಲ್ಲಿ ಅಂಗಡಿಯೊಂದರ ಮೇಲಿನ ಬಾಡಿಗೆ ಮನೆಗೆ ನಾವು ಬಂದಾಗ ಗೋಡೆಯಲ್ಲಿ ಒಂದು ಕ್ಯಾಲೆಂಡರೂ ಇರಲಿಲ್ಲ. ಅಮ್ಮನಿಗೆ ಬೋಳು ಗೋಡೆ ಕಂಡರಾಗದು. ಗುಜರಿ ಅಂಗಡಿಯಿಂದ ಹಿತ್ತಾಳೆ ಹೂಜಿ, ಬಣ್ಣದ ಗಾಜಿನ ಕಿಟಕಿ ಬಾಗಿಲು, ಹೀಗೆ ಒಂದೊಂದನ್ನೇ ಹೊತ್ತು ತಂದಳು. ಮನೆಯಿಡೀ ಹುಣಸೆಹುಳಿ, ವಾರ್ನಿಷಿನ ವಾಸನೆ.

ಒಂದು ಆಟಿಯಲ್ಲಿ, ಅಂದರೆ ತುಳುನಾಡಿನ ಆಷಾಢದ ಮಳೆಯಲ್ಲಿ, ಮರದ ಚೆನ್ನೆಮಣೆ ಬಂತು. ಅಮ್ಮ ಅದರ ಹದಿನಾಲ್ಕು ಗುಂಡಿಗಳನ್ನೂ ತಿಕ್ಕಿ, ತೆಂಗಿನೆಣ್ಣೆ ಸವರಿ, ಎದುರಿನ ಕೋಣೆಯಲ್ಲಿ ತೂಗುಹಾಕಿದಳು. ಗುಂಡಿಗಳಿಗೆ ಕಾಯಿ ಹಂಚುವ ಈ ಚೆನ್ನೆಯನ್ನು ನಮ್ಮಲ್ಲಿ ಆಡುವುದು ಆಟಿ ತಿಂಗಳಲ್ಲಿ ಮಾತ್ರ. ಆಮೇಲೆ ಮಣೆ ಅಟ್ಟ ಸೇರಬೇಕು, ಇಲ್ಲವಾದರೆ ಮನೆಗೆ ಕೇಡು ಎಂಬ ನಂಬಿಕೆ. ಬಾಡಿಗೆ ಮನೆಗೆ ಅಟ್ಟವೇ ಇರಲಿಲ್ಲ.

ಆಟಿ ಕಳೆದು ಸೋಣ ತಿಂಗಳು ಹುಟ್ಟಿದ ವಾರ ಪೆರಾಬೆಯಿಂದ ಅಪ್ಪನ ಅಕ್ಕ, ನಮ್ಮ ಅತ್ತೆ, ಬಂದರು. ಕೊಡೆ ಮಡಚುವ ಮೊದಲೇ ಗೋಡೆ ನೋಡಿದರು.

“ಅದನ್ನು ಇಳಿಸು. ಇಲ್ಲದಿದ್ದರೆ ನಾನು ಇಲ್ಲಿ ನೀರೂ ಕುಡಿಯುದಿಲ್ಲ.”

“ಆಡುದಕ್ಕಲ್ಲ ಅತ್ತಿಗೆ, ಚಂದಕ್ಕೆ,” ಎಂದಳು ಅಮ್ಮ.

“ಮಣೆಗೆ ಅದು ಗೊತ್ತುಂಟಾ?”

ಅತ್ತೆ ಆಡಿದಂತೆ ಮಾಡುವವರು. ಆಮೇಲೆ ಬಂದಾಗಲೂ ಹೊರಗಿನ ಮೆಟ್ಟಿಲಲ್ಲೇ ಕೂತು, ನಮಗೆ ಹಲಸಿನ ಹಪ್ಪಳ ಕೊಟ್ಟು ಹೋದರು. ಅಮ್ಮ ಪತ್ರೊಡೆ ಮಾಡಿಟ್ಟರೂ ಮುಟ್ಟಲಿಲ್ಲ. ಅಪ್ಪ ಮಣೆ ಇಳಿಸಲು ಹೊರಟರೆ, ಮೊಳೆ ಹೊಡೆದದ್ದು ತಾನು ಎಂದು ಅಮ್ಮ ತಡೆದಳು. ಮಕ್ಕಳಾದ ನಮಗೆ ಅಳು ಬರುತ್ತಿತ್ತು. ಅತ್ತೆಯೂ ಬೇಕಿತ್ತು, ಮಣೆಯೂ ಬೇಕಿತ್ತು.

ಕೊನೆಗೊಂದು ದಿನ ಅತ್ತೆ ಮೆಟ್ಟಿಲು ಹತ್ತುವ ಸದ್ದು ಕೇಳಿ ಅಮ್ಮ ಮಣೆಯನ್ನು ತಿರುಗಿಸಿ ಹಾಕಿದಳು. ಗುಂಡಿಗಳು ಗೋಡೆಯ ಕಡೆಗೆ, ಬೆನ್ನು ನಮ್ಮ ಕಡೆಗೆ. ಅತ್ತೆ ಬಾಗಿಲಲ್ಲಿ ನಿಂತು ತುಂಬ ಹೊತ್ತು ನೋಡಿದರು.

“ಬೆನ್ನಿಗೆ ಎಂತ ದೋಷ ಇಲ್ಲ. ಪತ್ರೊಡೆ ಉಂಟಾ?” ಎನ್ನುತ್ತ ಒಳಗೆ ಬಂದರು.

ಇಬ್ಬರೂ ತಾನೇ ಗೆದ್ದೆ ಎಂದುಕೊಂಡರು. ಮುಂದಿನ ಆಟಿಗೆ ಮಣೆಯನ್ನು ಈಚೆ ತಿರುಗಿಸಿದ್ದು ಅತ್ತೆಯೇ. ಸೆರಗಿನಲ್ಲಿ ಕೆಂಪು ಮಂಜೊಟ್ಟಿ ಕಾಯಿಗಳನ್ನು ಕಟ್ಟಿ ತಂದು ನಮಗೆ ಆಟ ಕಲಿಸಿದರು.

ಆ ಮಣೆ ಈಗ ಪುತ್ತೂರಿನ ನನ್ನ ಮನೆಯಲ್ಲಿದೆ. ಬಂದವರು ಅದರ ಮುಂದೆ ಫೋಟೊ ತೆಗೆಸಿಕೊಂಡು, ಎಲ್ಲಿ ಸಿಕ್ಕಿತೆಂದು ಕೇಳುತ್ತಾರೆ. ಅತ್ತೆ ತೀರಿಹೋಗಿ ವರ್ಷಗಳಾದವು. ಅಮ್ಮನ ಹಠ ನನಗೂ ಬಂದಿದೆ, ಆದರೆ ಅದಕ್ಕೆ ಎದುರಿಗೊಬ್ಬರು ಬೇಕಲ್ಲ? ಈ ಮನೆಯಲ್ಲಿ ಯಾವ ತಿಂಗಳಲ್ಲಿ ಏನನ್ನು ತೂಗುಹಾಕಿದರೂ ಬೇಡ ಎನ್ನುವವರಿಲ್ಲ.